ಓದುಗರ ಪ್ರಶ್ನೆ: ಗೋಡೆ ಮಷಿನ್ ಕಟ್ಟಬಹುದು, ಎರಿ ಮಣ್ಣು ನೋಡೋರು ಯಾರು?

ಕಳೆದ ಸಂಚಿಕೆಯಲ್ಲಿ ಮನೆಯನ್ನೇ ಪ್ರಿಂಟ್ ಮಾಡುವ ಮಷಿನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅದರ ಬಗ್ಗೆ ಕೇಳಿದವರೇ ಜಾಸ್ತಿ. ಹುಬ್ಬಳ್ಳಿ, ಧಾರವಾಡ, ಬ್ಯಾಡಗಿ, ಗದಗ, ಎಲ್ಲಾ ಕಡೆಯಿಂದ ಬಂದಿವೆ. ಬಾತ್‌ರೂಮ್ ಸೋರಿಕೆ, ಬೋರ್‌ವೆಲ್ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ, ಬೇಜಾರಾಗಬೇಡಿ.

ಪ್ರಶ್ನೆ: ಸರ್, ಹುಬ್ಬಳ್ಳಿಯಲ್ಲಿ ಗದಗ ರಸ್ತೆ ಕಡೆ 30 ಬೈ 40 ಸೈಟ್ ಇದೆ. ಪೂರ್ತಿ ಎರಿ ಮಣ್ಣು (ಕಪ್ಪು ಮಣ್ಣು). ಬೆಂಗಳೂರಿನಲ್ಲಿ ಮಷಿನ್‌ನಿಂದ ಪೋಸ್ಟ್ ಆಫೀಸ್ ಕಟ್ಟಿದ ವಿಡಿಯೋ ನೋಡಿದೆ. ಇಲ್ಲಿ ಒಳ್ಳೆ ಗೌಂಡಿ ಸಿಗೋದೇ ಕಷ್ಟ, ಸಿಕ್ಕರೂ ಎರಡು ದಿನ ಬಂದು ಮೂರನೇ ದಿನ ಫೋನ್ ಎತ್ತೋದಿಲ್ಲ. ನಾನೂ ಹಾಗೆ ಪ್ರಿಂಟ್ ಮಾಡಿಸಬಹುದಾ? ಪರಿಸರಕ್ಕೂ ಒಳ್ಳೆಯದು ಅಂತಾರಲ್ಲ?

ಉತ್ತರ: ನೀವು ನೋಡಿದ್ದು ಹಲಸೂರಿನ ಕೇಂಬ್ರಿಡ್ಜ್ ಲೇಔಟ್ ಪೋಸ್ಟ್ ಆಫೀಸ್. 2023ರ ಆಗಸ್ಟ್‌ನಲ್ಲಿ ಉದ್ಘಾಟನೆ ಆಯಿತು. 1,021 ಚದರ ಅಡಿ. ಎಲ್ ಅಂಡ್ ಟಿ ಕಟ್ಟಿದ್ದು, ತಾಂತ್ರಿಕ ಸಹಾಯ ಐಐಟಿ ಮದ್ರಾಸಿನದು. 43 ದಿನದಲ್ಲಿ ಮುಗಿಯಿತು, ಖರ್ಚು ಸುಮಾರು 23 ಲಕ್ಷ. ಒಳ್ಳೆಯ ಕೆಲಸವೇ. ಅದನ್ನು ಸಣ್ಣದು ಮಾಡಿ ಮಾತಾಡೋದು ನನಗೆ ಇಷ್ಟವಿಲ್ಲ.

ಆದರೆ ಆ ಮಷಿನ್ ಏನು ಮಾಡುತ್ತದೆ ಅಂತ ಸರಿಯಾಗಿ ನೋಡಿ. ಗಟ್ಟಿ ಸಿಮೆಂಟು ಹಿಟ್ಟನ್ನು ಪೈಪಿನಲ್ಲಿ ತಂದು, ಮೂತಿಯಿಂದ ಚಕ್ಕಲಿ ಒತ್ತಿದ ಹಾಗೆ ಒಂದರ ಮೇಲೊಂದು ಎಳೆ ಹಾಕುತ್ತಾ ಹೋಗುತ್ತದೆ. ಸೆಂಟ್ರಿಂಗ್ ಹಲಗೆ ಬೇಕಾಗೋದಿಲ್ಲ, ಗೋಡೆ ಬೇಗ ಏಳುತ್ತದೆ. ಕಬ್ಬಿಣ ಕಟ್ಟುವುದು, ವೈರಿಂಗ್, ಪ್ಲಂಬಿಂಗ್, ಬಾಗಿಲು ಕಿಟಕಿ ಕೂರಿಸುವುದು, ಇವಕ್ಕೆಲ್ಲ ಮನುಷ್ಯರೇ ಬೇಕು. ಪಾಯ ಮೊದಲೇ ಆಗಿರಬೇಕು. ಅಂದರೆ ಮಷಿನ್ ಕೊಡೋದು ಮುಖ್ಯವಾಗಿ ಗೋಡೆ. ನಿಮ್ಮ ಸೈಟಿನಲ್ಲಿ ಗೋಡೆ ದೊಡ್ಡ ಸಮಸ್ಯೆಯೇ ಅಲ್ಲ. ಸಮಸ್ಯೆ ಇರೋದು ಗೋಡೆಯ ಕೆಳಗೆ.

ಎರಿ ಮಣ್ಣಿನ ಗುಣ ನಿಮಗೆ ಗೊತ್ತು. ಮೇ ತಿಂಗಳಲ್ಲಿ ನಿಮ್ಮ ಸೈಟಿಗೆ ಹೋದರೆ ಬಿರುಕಿನಲ್ಲಿ ಕೈ ಇಳಿಯುತ್ತದೆ. ಜುಲೈಯಲ್ಲಿ ಹೋದರೆ ಅದೇ ಜಾಗ ಉಬ್ಬಿ ಬಿರುಕೆಲ್ಲ ಮುಚ್ಚಿರುತ್ತದೆ, ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಆ ಮಣ್ಣಿನಲ್ಲಿರುವ ಜೇಡಿಗೆ ನೀರು ಕುಡಿದರೆ ಹಿಗ್ಗುವ, ಒಣಗಿದರೆ ಕುಗ್ಗುವ ಗುಣ ಇದೆ. ಮೇಲಿರುವ ಮನೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ, ಅದೂ ಎಲ್ಲಾ ಮೂಲೆಯನ್ನು ಒಂದೇ ಸಮ ಅಲ್ಲ. ಸಿಮೆಂಟಿನ ಗೋಡೆಗೆ ಬಾಗೋದು ಗೊತ್ತಿಲ್ಲ, ಅದು ಸೀಳುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಬ್ಬಳ್ಳಿ ಹೊರವಲಯದ ಒಂದು ಮನೆ ನನ್ನ ಉಸ್ತುವಾರಿಯಲ್ಲಿತ್ತು. ಡ್ರಾಯಿಂಗಿನಲ್ಲಿ ಪಾಯ ನಾಲ್ಕು ಅಡಿ ಅಂತ ಇತ್ತು. ನಾಲ್ಕು ಅಡಿ ತೋಡಿಸಿದೆ. ಅಲ್ಲಿದ್ದ ಹಿರಿಯ ಗೌಂಡಿ ತಳಕ್ಕೆ ಇಳಿದು ಒಂದು ಹೆಂಟೆ ತೆಗೆದರು. ಅದಕ್ಕೆ ನಾಲ್ಕು ಹನಿ ನೀರು ಹಾಕಿ ಅಂಗೈಯಲ್ಲಿ ನಾದಿದರು. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಎಳೆದರು. ಪಟ್ಟಿ ತುಂಡಾಗದೆ ಬೆರಳುದ್ದ ಜೋತುಬಿತ್ತು. ಉಗುರಿನಿಂದ ಉಜ್ಜಿದರು, ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. "ಸಾಹೇಬ್ರ, ಎರಿ ಇನ್ನೂ ಮುಗದಿಲ್ಲರಿ. ಇನ್ನ ಎರಡ ಫೂಟ ಇಳೀಬೇಕು" ಅಂದರು. ನಾನು ಡ್ರಾಯಿಂಗ್ ತೋರಿಸಿದೆ. ಅವರು ಸುಮ್ಮನಾದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ನಾಣ್ಯ ಹೋಗುವಷ್ಟು ಅಗಲ. ಆ ಮನೆಯವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ದುಡ್ಡನ್ನು ಮೊದಲು ಪಾಯಕ್ಕೆ ಇಡಿ. ಸೈಟಿನ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ ಗರಸು (ಗಟ್ಟಿ ಜಲ್ಲಿಮಣ್ಣು) ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಐದಾರು ಅಡಿಗೆ ಸಿಕ್ಕರೆ ಅಲ್ಲಿವರೆಗೆ ಇಳಿಯಿರಿ, ಎರಿ ತೆಗೆದ ಜಾಗಕ್ಕೆ ಗರಸು ತುಂಬಿ ಪದರ ಪದರವಾಗಿ ನೀರು ಹೊಡೆದು ಧಮ್ಮಸ್ ಮಾಡಿಸಿ, ತೆಗೆದ ಎರಿಯನ್ನೇ ವಾಪಸ್ ತುಂಬೋದಕ್ಕೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಗಟ್ಟಿ ತಳ ತುಂಬಾ ಆಳದಲ್ಲಿದ್ದರೆ ಅಂಡರ್ ರೀಮ್ಡ್ ಪೈಲ್ ಅಂತ ಇದೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ರೂಢಿಗೆ ತಂದದ್ದು. ಕಂಬದಂಥ ಗುಂಡಿ ಕೊರೆದು, ತಳದಲ್ಲಿ ಗಡ್ಡೆಯ ಹಾಗೆ ಅಗಲ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಮೇಲಿನ ಮಣ್ಣು ಕುಣಿದರೂ ಮನೆ ಕೆಳಗಿನ ಮಣ್ಣನ್ನು ಹಿಡಿದುಕೊಂಡು ನಿಲ್ಲುತ್ತದೆ. ಇಲ್ಲಿ ಕೊರೆಯುವ ಮಷಿನ್ ಬೇಕು, ಖಂಡಿತ ಬಳಸಿ. ಇನ್ನು ಗೋಡೆಯ ಸುತ್ತ ಮೂರಡಿ ಫರಸಿ ಹಾಕಿಸಿ, ಮಾಳಿಗೆ ನೀರು ಪಾಯದ ಹತ್ತಿರ ಬೀಳದ ಹಾಗೆ ದೂರ ಬಿಡಿ.

ಒಂದೇ ಮನೆಗೆ ಪ್ರಿಂಟರ್ ತರಿಸೋದು, ಜೋಡಿಸೋದು, ಅದರ ಜೊತೆ ಬರುವ ಜನ, ಆ ಮಿಶ್ರಣ, ಇದೆಲ್ಲ ಲೆಕ್ಕ ಹಾಕಿದರೆ ನಿಮಗೆ ದಕ್ಕೋದಿಲ್ಲ. ಸಾಲಾಗಿ ನೂರು ಮನೆ ಕಟ್ಟುವವರಿಗೆ ಅದು ಬೇರೆ ಮಾತು. ಗೌಂಡಿ ಮೂರನೇ ದಿನ ಬರೋದಿಲ್ಲ ಅನ್ನೋದಕ್ಕೆ ನನ್ನ ಅನುಭವದ ಉತ್ತರ ಒಂದೇ: ಪಗಾರ ವಾರಕ್ಕೊಮ್ಮೆ ತಪ್ಪದೆ ಕೊಡಿ, ಸಾಮಾನು ಮೊದಲೇ ತರಿಸಿಡಿ. ಸಿಮೆಂಟಿಗೆ ಕಾಯುತ್ತಾ ಕೂತರೆ ಅವರಿಗೆ ಆ ದಿನದ ಕೂಲಿ ಹೋಗುತ್ತದೆ, ಬೇರೆ ಕಡೆ ಹೋಗದೆ ಏನು ಮಾಡ್ತಾರೆ?

ಪ್ರಶ್ನೆ: ಧಾರವಾಡದಲ್ಲಿ ನಮ್ಮ ಜಾಗ ಕೆಂಪು ಮಣ್ಣು. ಪಾಯದ ಮಣ್ಣಿನಿಂದಲೇ ಇಟ್ಟಂಗಿ ಮಾಡಿಕೊಳ್ಳಬಹುದು ಅಂತ ಒಬ್ಬರು ಹೇಳಿದರು. ನಿಜವಾ? ಮಳೆಗೆ ಕರಗೋದಿಲ್ವಾ?

ಉತ್ತರ: ನಿಜ. ಒತ್ತಿದ ಮಣ್ಣಿನ ಬ್ಲಾಕ್ ಅಂತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಕೈಯಿಂದ ಒತ್ತುವ ಯಂತ್ರವನ್ನೂ ತಂದರು. ಮಣ್ಣನ್ನು ಜರಡಿ ಹಿಡಿದು, ನೂರಕ್ಕೆ 5ರಿಂದ 8 ಪಾಲು ಸಿಮೆಂಟು ಬೆರೆಸಿ, ಸ್ವಲ್ಪವೇ ನೀರು ಹಾಕಿ ಯಂತ್ರದಲ್ಲಿ ಒತ್ತಬೇಕು. ಭಟ್ಟಿ ಬೇಡ, ಕಟ್ಟಿಗೆ ಕಲ್ಲಿದ್ದಲು ಬೇಡ. ಆದರೆ ಮೂರು ವಾರವಾದರೂ ಗೋಣಿಚೀಲ ಮುಚ್ಚಿ ನೀರುಣಿಸಬೇಕು. ಜನ ಇಲ್ಲೇ ಕೈ ಬಿಡುತ್ತಾರೆ, ಆಮೇಲೆ ಮಣ್ಣನ್ನು ಬೈಯುತ್ತಾರೆ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಜಿನ ಬರಣಿಗೆ ಮೂರನೇ ಒಂದು ಪಾಲು ಮಣ್ಣು, ಉಳಿದಷ್ಟು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಜೋರಾಗಿ ಅಲ್ಲಾಡಿಸಿ ಒಂದು ದಿನ ಇಡಿ. ಉಸುಕು ಕೆಳಗೆ, ಜೇಡಿ ಮೇಲೆ ಕೂರುತ್ತದೆ. ಉಸುಕಿನ ಪದರ ಅರ್ಧಕ್ಕಿಂತ ಚೆನ್ನಾಗಿ ಜಾಸ್ತಿ ಇದ್ದರೆ ಮುಂದುವರಿಯಿರಿ. ಕಡಿಮೆ ಇದ್ದರೆ ಎಂ ಸ್ಯಾಂಡ್ ಬೆರೆಸಬೇಕು. ಎರಿ ಮಣ್ಣಿಗೆ ಇದು ಆಗಿಬರೋದಿಲ್ಲ. ಕಟ್ಟಿದ ಮೇಲೆ ಸೂರು ಎರಡಡಿ ಮುಂದೆ ಚಾಚಿರಲಿ, ನೆಲಕ್ಕೆ ಹತ್ತಿರದ ಎರಡಡಿ ಕಲ್ಲಿನದಿರಲಿ. ಮಳೆಗೆ ಕರಗೋದಿಲ್ಲ.

ಪ್ರಶ್ನೆ: ನಾನು ಸಿವಿಲ್ ಓದುತ್ತಿರುವ ವಿದ್ಯಾರ್ಥಿನಿ, ಧಾರವಾಡ. ಕ್ಲಾಸಿನಲ್ಲಿ ಚರ್ಚೆ ಇದೆ. ಯಂತ್ರದಿಂದ ಕಟ್ಟಿದರೆ ಸಾಮಾನು ಹಾಳಾಗೋದು ಕಡಿಮೆ, ಹಾಗಾಗಿ ಅದೇ ಪರಿಸರಸ್ನೇಹಿ ಅಂತ ಒಂದು ಗುಂಪು. ಸಾಂಪ್ರದಾಯಿಕವೇ ಸರಿ ಅಂತ ಇನ್ನೊಂದು. ನೀವು ಯಾವ ಕಡೆ ಸರ್?

ಉತ್ತರ: ಸಾಮಾನು ಹಾಳಾಗೋದು ಕಡಿಮೆ ಅನ್ನೋದು ಸರಿ, ಸೆಂಟ್ರಿಂಗ್ ಕಟ್ಟಿಗೆಯೂ ಉಳಿಯುತ್ತದೆ. ಆದರೆ ಏನನ್ನು ಒತ್ತುತ್ತಿದ್ದೇವೆ ಅಂತಲೂ ಕೇಳಬೇಕಲ್ವಾ ತಂಗಿ? ಪ್ರಿಂಟರಿನ ಮೂತಿಯಲ್ಲಿ ದಪ್ಪ ಖಡಿ (ಜಲ್ಲಿ ಕಲ್ಲು) ಹೋಗೋದಿಲ್ಲ. ಖಡಿ ಕಡಿಮೆಯಾದಷ್ಟೂ ಸಿಮೆಂಟಿನ ಪಾಲು ಏರುತ್ತದೆ. ಪ್ರಪಂಚದಲ್ಲಿ ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ ಸುಮಾರು 8 ಪಾಲು ಸಿಮೆಂಟಿನದೇ. ಭಟ್ಟಿಯ ಬೆಂಕಿಯಿಂದ ಬರೋದು ಒಂದು ಭಾಗ, ಅದಕ್ಕಿಂತ ಜಾಸ್ತಿ ಸುಣ್ಣದ ಕಲ್ಲೇ ಒಡೆದು ಬಿಡುವ ಅನಿಲ. ಬೆಂಕಿಗೆ ಸೌರಶಕ್ತಿ ಬಳಸಿದರೂ ಈ ಎರಡನೆಯದು ನಿಲ್ಲೋದಿಲ್ಲ.

ಇನ್ನೊಂದು ಗುಂಪಿಗೂ ಒಂದು ಮಾತು ಹೇಳಿ. ಹಳೆಯದು ಅಂದ ಮಾತ್ರಕ್ಕೆ ಶುದ್ಧ ಅಲ್ಲ. ಗಚ್ಚಿನ, ಅಂದರೆ ಹಳೆ ಕಾಲದ ಗಾರೆಯ, ಸುಣ್ಣವನ್ನೂ ಸುಡಲೇಬೇಕು, ಆದರೆ 900 ಡಿಗ್ರಿ ಸಾಕು, ಸಿಮೆಂಟಿಗೆ 1,450 ಬೇಕು. ಗೋಡೆಗೆ ಹೋದ ಮೇಲೆ ಗಚ್ಚು ನಿಧಾನಕ್ಕೆ ಗಾಳಿಯಿಂದ ಸ್ವಲ್ಪ ವಾಪಸ್ ಹೀರಿಕೊಳ್ಳುತ್ತದೆ. ಇಟ್ಟಂಗಿ ಭಟ್ಟಿಯ ಹೊಗೆಯಂತೂ ನೀವೇ ನೋಡಿರುತ್ತೀರಿ.

ಮಷಿನ್ ಒಂದು ಕಡೆ, ಮಣ್ಣು ಇನ್ನೊಂದು ಕಡೆ ಅಂತ ಗೆರೆ ಎಳೆಯೋದು ನನಗೆ ಸರಿ ಕಾಣೋದಿಲ್ಲ. ಇಟಲಿಯ ಮಾಸಾ ಲೊಂಬಾರ್ಡಾದಲ್ಲಿ 2021ರಲ್ಲಿ ಟೆಕ್ಲಾ ಅನ್ನೋ ಮನೆಯನ್ನು ಅಲ್ಲಿಯದೇ ಮಣ್ಣಿನಿಂದ ಪ್ರಿಂಟ್ ಮಾಡಿದರು. ಸುಮಾರು 60 ಚದರ ಮೀಟರ್, 350 ಪದರ, 200 ಗಂಟೆ ಮಷಿನ್ ಕೆಲಸ. ಇತ್ತ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ಇಟ್ಟಂಗಿಯನ್ನು ಮಗ್ಗುಲಿಗೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿ ನಾಲ್ಕರಲ್ಲಿ ಒಂದು ಇಟ್ಟಂಗಿ ಉಳಿಸಿದರು. ಅದಕ್ಕೆ ಯಾವ ಮಷಿನ್ನೂ ಬೇಡ, ಕೈ ಪಳಗಿರಬೇಕು ಅಷ್ಟೇ.

ನಾನು ಯಾವ ಕಡೆ ಅಂದರೆ, ರಿಪೇರಿಯ ಕಡೆ. ಚರ್ಚೆಯಲ್ಲಿ ಇದನ್ನು ಎತ್ತಿ ನೋಡಿ: ಇಪ್ಪತ್ತು ವರ್ಷದ ಮೇಲೆ ಈ ಗೋಡೆ ಬಿರುಕು ಬಿಟ್ಟರೆ, ಸೈಕಲ್ ಮೇಲೆ ಬಂದು ಸರಿಮಾಡುವವರು ಹತ್ತಿರದ ಹಳ್ಳಿಯಲ್ಲಿ ಇರ್ತಾರಾ? ಇದ್ದರೆ ಆ ಮನೆ ಇನ್ನೂ ಐವತ್ತು ವರ್ಷ ಬಾಳುತ್ತದೆ. ಇಲ್ಲದಿದ್ದರೆ ಎಷ್ಟು ಸಿಮೆಂಟು ಉಳಿಸಿ ಕಟ್ಟಿದ್ದರೂ ಕೆಡವಿ ಮತ್ತೆ ಕಟ್ಟಬೇಕಾಗುತ್ತದೆ, ಉಳಿಸಿದ್ದೆಲ್ಲ ಹೋಯಿತು.

ಪ್ರಶ್ನೆ: ಬ್ಯಾಡಗಿ ತಾಲೂಕಿನಲ್ಲಿ ನಮ್ಮ ಅಜ್ಜನ ಕಾಲದ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆ ಇದೆ. ಎರಡಡಿ ದಪ್ಪದ ಮಣ್ಣಿನ ಗೋಡೆ. 2019ರ ಮಳೆಗೆ ಹಿತ್ತಲ ಗೋಡೆ ಬಿತ್ತು. ಹತ್ತು ವರ್ಷದ ಹಿಂದೆಯೇ ಹೊರಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದ್ದೆವು, ಆದರೂ ಬಿತ್ತು. ಮಗ ಬೆಂಗಳೂರಿನಲ್ಲಿದ್ದಾನೆ, ಪೂರ್ತಿ ಕೆಡವಿ ಫ್ಯಾಕ್ಟರಿಯಲ್ಲಿ ಮಾಡಿದ ಗೋಡೆ ತಂದು ಹದಿನೈದು ದಿನದಲ್ಲಿ ನಿಲ್ಲಿಸೋಣ ಅಂತಾನೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅಕ್ಕಾರೆ, ನಿಮ್ಮ ಪತ್ರದಲ್ಲೇ ಒಂದು ಕಾರಣ ಇದೆ. "ಸಿಮೆಂಟ್ ಗಿಲಾವು ಮಾಡಿಸಿದ್ದೆವು, ಆದರೂ ಬಿತ್ತು" ಅಂದಿದ್ದೀರಿ. ಮಾಡಿಸಿದ್ದರಿಂದಲೇ ಬಿದ್ದಿರಬಹುದು. ಮಣ್ಣಿನ ಗೋಡೆಗೆ ಉಸಿರಾಟ ಇದೆ. ನೆಲದಿಂದ ಏರಿದ ಪಸೆ ಮೊದಲೆಲ್ಲ ಗೋಡೆಯ ಮೈಯಿಂದ ಆರಿ ಹೋಗುತ್ತಿತ್ತು. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಮೇಲೆ ನೋಡಿದರೆ ಗಟ್ಟಿ, ಒಳಗೆ ಮಣ್ಣು ಮೆತ್ತಗಾಗಿ ಕೆಸರಾಗಿರುತ್ತದೆ. ಗಿಲಾವಿನ ಬಿರುಕಿನಿಂದ ಮಳೆನೀರೂ ಇಳಿದರೆ ಒಂದು ರಾತ್ರಿ ಮಲಗಿಬಿಡುತ್ತದೆ. ಉಳಿದ ಗೋಡೆಗಳನ್ನು ಬೆರಳಿನಿಂದ ತಟ್ಟಿ ನೋಡಿ, ಡಬಡಬ ಅಂತ ಪೊಳ್ಳು ಸದ್ದು ಬಂದ ಕಡೆ ಗಿಲಾವು ಆಗಲೇ ಬಿಟ್ಟುಕೊಂಡಿದೆ ಅಂತ ತಿಳಿಯಿರಿ.

ಮಾಳಿಗೆಯದು ಇನ್ನೊಂದು ಕಥೆ. ಜಂತಿ, ಅದರ ಮೇಲೆ ಅಡ್ಡ ಕಟ್ಟಿಗೆ, ಬೇವಿನ ಸೊಪ್ಪು, ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದ ಹಾಗೆ ಹೊದಿಸುವ ಹಾಳಮಣ್ಣು. ಅಜ್ಜ ಇದ್ದಾಗ ಮುಂಗಾರಿಗೆ ಮುಂಚೆ ಹಾಳಮಣ್ಣು ಹೊದಿಸುತ್ತಿದ್ದರು ಅಲ್ವಾ? ಬಲ್ಲವರು ಮೊದಲು ಹಳೆಯದನ್ನು ಕೆರೆದು ತೆಗೆದು, ಇಳಿಜಾರು ನೋಡಿ, ಆಮೇಲೆ ಹೊಸದು ಹಾಕುತ್ತಿದ್ದರು. ಆ ಮೇಲೆ ಬಂದವರು ಕೆರೆಯುವ ಕೆಲಸ ಬಿಟ್ಟು ಹಳೆಯದರ ಮೇಲೇ ಸುರಿಯುತ್ತಾ ಹೋದರು. ವರ್ಷ ವರ್ಷ ಭಾರ ಏರಿತು, ಮಳೆ ಕುಡಿದಾಗ ಇನ್ನೂ ಏರಿತು, ಜಂತಿ ಬಾಗಿತು, ಬಾಗಿದ ಕಡೆ ನೀರು ನಿಂತಿತು. ಇಂಥ ಮನೆ ಬಿದ್ದಾಗ ಜನ ಮಣ್ಣಿನ ಮನೆಯೇ ಹೀಗೆ ಅಂತಾರೆ. ನನಗೆ ಅದು ನೋವಿನ ಮಾತು. ಮನೆ ಕೆಟ್ಟದ್ದಲ್ಲ, ಅದನ್ನು ನೋಡಿಕೊಳ್ಳುವ ಕೈ ಮನೆಯಿಂದ ಹೋಗಿತ್ತು.

ಕೆಡವಬೇಡಿ. ಆದರೆ ಹಾಗೇ ಬಿಡಲೂಬೇಡಿ, ಮಲಗುವ ಕೋಣೆ ಬಿದ್ದ ಗೋಡೆಯ ಪಕ್ಕದಲ್ಲಿದ್ದರೆ ಇವತ್ತೇ ಮಂಚ ಬೇರೆ ಕಡೆ ಹಾಕಿ. ಮೊದಲ ಕೆಲಸ ಜಂತಿಯ ತುದಿ. ಗೋಡೆಯ ಒಳಗೆ ಹೋಗಿರುವ ಒಂದು ಗೇಣನ್ನೇ ಗೆದ್ದಲು ತಿನ್ನೋದು, ಹೊರಗೆ ಕಾಣೋ ಭಾಗ ಚೆನ್ನಾಗೇ ಇರುತ್ತದೆ. ಬಡಿಗೇರರನ್ನು ಕರೆಸಿ ಉಳಿಯಿಂದ ಚುಚ್ಚಿ ನೋಡಿಸಿ. ಮಾಳಿಗೆಯ ಹಳೆ ಮಣ್ಣಿನ ಭಾರ ಇಳಿಸಿ, ನೀರು ಹೊರಗೆ ಬೀಳುವ ದೋಣಿ ಗೋಡೆಯಿಂದ ಎರಡಡಿ ಮುಂದಕ್ಕೆ ಬರಲಿ. ವರ್ಷಾವರ್ಷ ಹಾಳಮಣ್ಣು ಹಾಕಿಸುವ ಜನ ಸಿಗೋದಿಲ್ಲ ಅಂತ ಅನಿಸಿದರೆ ನಾಚಿಕೊಳ್ಳಬೇಡಿ, ಜಂತಿ ಉಳಿಸಿಕೊಂಡು ಮೇಲೆ ಇಳಿಜಾರಾಗಿ ಹಂಚು ಹಾಕಿಸಿ. ಸಿಮೆಂಟ್ ಗಿಲಾವನ್ನು ಬೇಸಿಗೆಯಲ್ಲಿ ನಿಧಾನವಾಗಿ ಕಿತ್ತು, ಗೋಡೆ ಆರಲು ಬಿಟ್ಟು, ಮಣ್ಣು ಸುಣ್ಣದ ಗಿಲಾವು ಮಾಡಿಸಿ. ಬಿದ್ದ ಗೋಡೆಗೆ ಕೆಳಗೆ ಎರಡಡಿ ಕಲ್ಲು, ಮೇಲೆ ಬಿದ್ದ ಮಣ್ಣನ್ನೇ ಮತ್ತೆ ಕಲಸಿ ಕಟ್ಟಬಹುದು. ಫ್ಯಾಕ್ಟರಿ ಗೋಡೆಯನ್ನು ಇನ್ನೊಮ್ಮೆ ಹೀಗೆ ಕಲಸಿ ಕಟ್ಟೋದಕ್ಕೆ ಆಗೋದಿಲ್ಲ.

ಮಗನ ಮೇಲೆ ಸಿಟ್ಟಾಗಬೇಡಿ. ಅವನಿಗೆ ನಿಮ್ಮ ಮೇಲೆ ಗೋಡೆ ಬೀಳಬಾರದು ಅನ್ನೋ ಭಯ ಇದೆ, ಅದು ಸರಿಯಾದ ಭಯ. ಬಂದಾಗ ಏಪ್ರಿಲ್ ಮಧ್ಯಾಹ್ನ ಪಡಸಾಲೆಯಲ್ಲಿ ಒಂದು ನಿದ್ದೆ ಮಾಡಿಸಿ. ಹಿತ್ತಲಲ್ಲಿ ಅಡುಗೆಮನೆ, ಬಾತ್‌ರೂಮ್ ಹೊಸದಾಗಿ ಬೇಕಿದ್ದರೆ ಅಲ್ಲಿ ಅವನು ಹೇಳುವ ಫ್ಯಾಕ್ಟರಿ ಗೋಡೆ ಹಾಕಿಸಿ, ನೀರಿನ ಜಾಗಕ್ಕೆ ಅದು ಒಳ್ಳೆಯದೇ.

ಪ್ರಶ್ನೆ: ಸರ್, ನಾನು ಗದಗದವನು. ಐಟಿಐ ಮುಗಿಸಿದ್ದೇನೆ. ಅಪ್ಪ ಗೌಂಡಿ. ನಮ್ಮ ಊರಿಗೆ ಮುದ್ರಣ ಕಾಶಿ ಅಂತಾರೆ. ನಮ್ಮ ಮಾವ ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದರು, ಆಫ್‌ಸೆಟ್, ಕಂಪ್ಯೂಟರ್ ಬಂದ ಮೇಲೆ ಕೆಲಸ ಹೋಯಿತು. ಈಗ ಮನೆಯನ್ನೂ ಪ್ರಿಂಟ್ ಮಾಡ್ತಾರೆ. ಅಪ್ಪನ ಕೆಲಸ ಕಲಿಯಲಾ, ಬೇಡವಾ? ಅಪ್ಪನೇ ಬೇಡ ಅಂತಾರೆ.

ಉತ್ತರ: ತಮ್ಮಾ, ಈ ಪತ್ರವನ್ನು ಮೂರು ಸಲ ಓದಿದೆ. ಸುಮ್ನೆ ಧೈರ್ಯ ಹೇಳಿ ಕಳಿಸೋದಿಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಉದ್ದನೆ ನೇರ ಗೋಡೆ ಕಟ್ಟುವ ಕೆಲಸ ಕಡಿಮೆಯಾಗುತ್ತಿದೆ, ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆ ಸ್ಲ್ಯಾಬ್ ಒಟ್ಟಿಗೇ ಎಬ್ಬಿಸುತ್ತಾರೆ. ಬರೀ ಇಟ್ಟಂಗಿ ಮೇಲೆ ಇಟ್ಟಂಗಿ ಇಡೋದಷ್ಟೇ ಕಲಿತರೆ ಮುಂದೆ ಕಷ್ಟ ಇದೆ.

ಆದರೆ ಒಂದು ದಿನ ಲಕ್ಕುಂಡಿಗೆ ಹೋಗಿ ಬಾ, ನಿನಗೆ ಅರ್ಧ ಗಂಟೆ ಹಾದಿ. ಕಾಶಿವಿಶ್ವೇಶ್ವರ ಗುಡಿಯ ಕಂಬದ ಸುತ್ತ ಕೈ ಆಡಿಸು. ಉಂಗುರದ ಮೇಲೆ ಉಂಗುರ, ಒಂದು ಕೂದಲೆಳೆ ಆಚೀಚೆ ಇಲ್ಲ. ಅವು ಬರೀ ಉಳಿಯಿಂದ ಕೆತ್ತಿದ್ದಲ್ಲ, ಮೆದು ಕಲ್ಲನ್ನು ತಿರುಗಣೆಗೆ ಹಾಕಿ ಕಡೆದದ್ದು. ಅಂದರೆ ಈ ಸೀಮೆಯ ಕೆಲಸಗಾರರು ಸಾವಿರ ವರ್ಷದ ಹಿಂದೆಯೇ ಮಷಿನ್ ಬಳಸಿದ್ದರು. ಆದರೆ ತಿರುಗಣೆ ಇದ್ದದ್ದು ಶಿಲ್ಪಿಯ ಕೈಯಲ್ಲಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಳಿ ತಗೋಬೇಕು ಅಂತ ಅವರೇ ತೀರ್ಮಾನ ಮಾಡುತ್ತಿದ್ದರು. ನಿನ್ನ ಮಾವನಿಗೆ ಹೊಸ ಮಷಿನ್ ಕಲಿಯೋ ಅವಕಾಶ ಸಿಕ್ಕಿತ್ತಾ? ಸಿಕ್ಕಿರಲಿಕ್ಕಿಲ್ಲ ಅಂತ ನನ್ನ ಅನಿಸಿಕೆ. ಅಕ್ಷರ ಗೊತ್ತಿದ್ದವರ ಕೈಗೆ ಕಂಪ್ಯೂಟರ್ ಕೊಟ್ಟಿದ್ದರೆ ಕಥೆ ಬೇರೆ ಆಗುತ್ತಿತ್ತು.

ಅದಕ್ಕೆ ಎರಡನ್ನೂ ಕಲಿ. ಅಪ್ಪನ ಹತ್ತಿರ ಗಚ್ಚು ಕಲಸೋದು, ಕಲ್ಲು ಕೂರಿಸೋದು, ಕಮಾನು ತಿರುಗಿಸೋದು, ಹಳೆ ಗೋಡೆ ಎತ್ತಿ ಹಿಡಿಯೋದು. ಇದರ ಜೊತೆ ಡ್ರಾಯಿಂಗ್ ಓದೋದು, ಲೇಸರ್ ಲೆವೆಲ್, ಮಣ್ಣಿನ ಬ್ಲಾಕ್ ಯಂತ್ರ. ಬ್ಯಾಡಗಿಯ ಅಕ್ಕನ ಪತ್ರ ಮೇಲೆ ಓದಿದೆಯಲ್ಲ, ಅಂಥ ಮನೆ ರಿಪೇರಿಗೆ ಜನ ಬೇಕು ಅಂತ ನನಗೆ ಎಷ್ಟು ಫೋನ್ ಬರುತ್ತವೆ ಗೊತ್ತಾ? ಕಳಿಸಲು ನನ್ನ ಹತ್ತಿರ ಜನ ಇಲ್ಲ. ಇದ್ದವರಿಗೆ ವಯಸ್ಸಾಯಿತು.

ಅಪ್ಪ ಯಾಕೆ ಬೇಡ ಅಂತಾರೆ ಅನ್ನೋದು ನನಗೆ ಅರ್ಥವಾಗುತ್ತದೆ. ಬಿಸಿಲು, ಬೆನ್ನುನೋವು, ಮಳೆಗಾಲದಲ್ಲಿ ಕೂಲಿ ಇಲ್ಲ, ಮಾಡಿದ ಕೆಲಸಕ್ಕೆ ಮರ್ಯಾದೆ ಇಲ್ಲ. ಮೇಲೆ ನನ್ನ ಕಥೆಯಲ್ಲಿ ಬಂದ ಗೌಂಡಿಯ ಮಾತನ್ನು ನಾನೇ ಕೇಳಲಿಲ್ಲವಲ್ಲ. ಭಾರ ಎತ್ತುವ ಕೆಲಸವನ್ನು ಮಷಿನ್ ತಗೊಳ್ಳಲಿ, ಆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವ ಹೆಣ್ಣುಮಕ್ಕಳನ್ನು ನೋಡಿದರೆ ಇದು ಇನ್ನೂ ಮೊದಲೇ ಆಗಬೇಕಿತ್ತು ಅನಿಸುತ್ತದೆ. ಅಪ್ಪನ ಹೆಸರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಇದೆಯಾ ನೋಡು. 18ರಿಂದ 60 ವರ್ಷದೊಳಗಿನವರು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. ಇಲ್ಲದಿದ್ದರೆ ಈ ವಾರವೇ ಕಾರ್ಮಿಕ ಇಲಾಖೆ ಕಚೇರಿಗೆ ಕರೆದುಕೊಂಡು ಹೋಗು.

ಇನ್ನೊಂದು ಕೆಲಸ. ಅಪ್ಪ ಮುಂದಿನ ಸಲ ಪಾಯ ತೋಡಿಸುವ ದಿನ ನೀನೂ ಹೋಗು. ಅವರು ತಳದ ಮಣ್ಣನ್ನು ಕೈಗೆ ತಗೊಂಡಾಗ ಏನು ನೋಡ್ತಾರೆ, ಹೇಗೆ ಗೊತ್ತಾಗುತ್ತದೆ ಅಂತ ಕೇಳು. ಅವರು ಹೇಳಿದ ಮಾತಿನಲ್ಲೇ ಬರೆದು ನನಗೆ ಕಳಿಸು, ಈ ಅಂಕಣದಲ್ಲಿ ಹಾಕುತ್ತೇನೆ.